ಇಂಗ್ಲಿಷಿನಲ್ಲಿ 97 ಅಂಕ ಪಡೆದ ಮಗಳು ಅಮೆರಿಕದ ಎಪಿ ತರಗತಿಗೆ ಸೇರಬಹುದೇ?

ಪ್ರಶ್ನೆ: ನಾವು ಶಿವಮೊಗ್ಗದ ವಿನೋಬನಗರದವರು. ನನ್ನ ಪತಿ ಅಮೆರಿಕದಲ್ಲಿ ಕೆಲಸದಲ್ಲಿದ್ದಾರೆ. ಬರುವ ಜುಲೈಯಲ್ಲಿ ನಾನೂ ಮಗಳೂ ಅಲ್ಲಿಗೆ ಹೊರಡುತ್ತಿದ್ದೇವೆ. ಮಗಳು ಈ ಸಲ ರಾಜ್ಯ ಪಠ್ಯಕ್ರಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಕನ್ನಡ ಪ್ರಥಮ ಭಾಷೆ, ಇಂಗ್ಲಿಷ್ ದ್ವಿತೀಯ ಭಾಷೆ. ಇಂಗ್ಲಿಷಿನಲ್ಲಿ 97 ಅಂಕ ಬಂದಿದೆ. ಅಲ್ಲಿನ ಹೈಸ್ಕೂಲಿನ ಕೌನ್ಸೆಲರ್ ಅಂಕಪಟ್ಟಿ ನೋಡಿ, 11ನೇ ತರಗತಿಯಲ್ಲಿ ‘ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಕಾಂಪೊಸಿಷನ್’ ತೆಗೆದುಕೊಳ್ಳಬಹುದು, ಬೇಡವೆಂದರೆ ಸಾಮಾನ್ಯ ಇಂಗ್ಲಿಷ್ ತರಗತಿಯೂ ಇದೆ ಎಂದು ಬರೆದಿದ್ದಾರೆ. ಎಪಿ ಸೇರುವುದಾದರೆ ಬೇಸಿಗೆ ರಜೆಯಲ್ಲಿ ಒಂದು ಪುಸ್ತಕ ಓದಿ, ಟಿಪ್ಪಣಿ ಬರೆದು ತರಬೇಕಂತೆ. ಎಪಿ ಇಲ್ಲದಿದ್ದರೆ ಒಳ್ಳೆಯ ಕಾಲೇಜು ಸಿಗುವುದೇ ಇಲ್ಲ ಎಂದು ಪತಿಯ ಸ್ನೇಹಿತರು ಹೇಳುತ್ತಾರೆ. ಇಲ್ಲಿನ ಟ್ಯೂಷನ್ ಮೇಷ್ಟ್ರು ಮೊದಲು ಮೂರು ಸಾವಿರ ಕಠಿಣ ಪದಗಳನ್ನು ಬಾಯಿಪಾಠ ಮಾಡಿಸಬೇಕು ಎನ್ನುತ್ತಾರೆ. ಮಗಳಿಗೆ ಕನ್ನಡ ಕಾದಂಬರಿಗಳ ಹುಚ್ಚು. ತೀರ್ಥಹಳ್ಳಿಯ ಅಜ್ಜನ ಜೊತೆ ತಾಳಮದ್ದಲೆಗೂ ಹೋಗುತ್ತಾಳೆ. ಇನ್ನು ಕನ್ನಡ ಓದುವುದನ್ನು ಬಿಡಬೇಕೇ ಎಂದು ಅವಳೇ ಕೇಳುತ್ತಿದ್ದಾಳೆ. ಏನು ಮಾಡುವುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಮಗಳ ಇಂಗ್ಲಿಷ್ ಆ ತರಗತಿಗೆ ಸಾಕಾದೀತೇ ಎಂಬುದು ಒಂದು. ಇಲ್ಲಿ ಓದಿದ ಕ್ರಮ ಅಲ್ಲಿ ನಡೆದೀತೇ ಎಂಬುದು ಇನ್ನೊಂದು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಹೊರದೇಶದ ಶಾಲೆಗಳಿಗೆ ಹೋಗುವ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತ ಬಂದವನಾಗಿ ನಾನು ಕಂಡದ್ದೆಂದರೆ, ತಂದೆತಾಯಿ ಹೆದರುವುದು ಮೊದಲನೆಯದಕ್ಕೆ, ಮಕ್ಕಳು ತೊಡಕಿಗೆ ಸಿಲುಕುವುದು ಎರಡನೆಯದರಲ್ಲಿ. ಆದ್ದರಿಂದ ನನ್ನ ಉತ್ತರದ ಹೆಚ್ಚಿನ ಭಾಗ ಎರಡನೆಯದರ ಬಗ್ಗೆಯೇ ಇರುತ್ತದೆ.

ಮೊದಲು ಈ ತರಗತಿ ಏನೆಂದು ತಿಳಿದುಕೊಳ್ಳೋಣ. ಎಪಿ ಎಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಮೊದಲ ವರ್ಷದ ಮಟ್ಟದ ವಿಷಯವನ್ನು ಓದುವ ವ್ಯವಸ್ಥೆ ಇದು. ಕಾಲೇಜ್ ಬೋರ್ಡ್ ಎಂಬ ಲಾಭರಹಿತ ಸಂಸ್ಥೆ ಇದನ್ನು ನಡೆಸುತ್ತದೆ. ಪ್ರತಿ ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಶ್ರೇಣಿ. ಇಂಗ್ಲಿಷಿನಲ್ಲಿ ಎರಡು ಎಪಿಗಳಿವೆ. ನಿಮ್ಮ ಮಗಳಿಗೆ ಹೇಳಿರುವ ‘ಲ್ಯಾಂಗ್ವೇಜ್’ ಎಂಬುದರಲ್ಲಿ ಭಾಷಣ, ಪತ್ರ, ಪ್ರಬಂಧ, ಪತ್ರಿಕಾ ಲೇಖನಗಳಂಥ ಬರಹಗಳೇ ಹೆಚ್ಚು. ‘ಲಿಟರೇಚರ್’ ಎಂಬುದರಲ್ಲಿ ಕವಿತೆ, ಕಥೆ, ಕಾದಂಬರಿ, ನಾಟಕ. ಸಾಮಾನ್ಯವಾಗಿ ಮೊದಲನೆಯದನ್ನು 11ರಲ್ಲಿ, ಎರಡನೆಯದನ್ನು 12ರಲ್ಲಿ ಓದುತ್ತಾರೆ. ಇಡೀ ದೇಶಕ್ಕೆ ಒಂದೇ ಪಠ್ಯಪುಸ್ತಕ ಎಂಬುದು ಇಲ್ಲಿಲ್ಲ. ಏನನ್ನು ಓದಿಸಬೇಕೆಂದು ಆಯಾ ಶಿಕ್ಷಕರೇ ಆರಿಸಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಬರುವ ಗದ್ಯಭಾಗವನ್ನು ಮಗು ಸಾಮಾನ್ಯವಾಗಿ ಅಲ್ಲಿಯೇ ಮೊದಲ ಬಾರಿಗೆ ನೋಡುತ್ತದೆ. ಪಾಠದ ಹಿಂದಿನ ಪ್ರಶ್ನೋತ್ತರ ಕಲಿತು ಹೋಗುವ ನಮ್ಮ ಕ್ರಮ ನಿಲ್ಲುವುದು ಇಲ್ಲಿಯೇ.

ಪರೀಕ್ಷೆ ಒಟ್ಟು 3 ಗಂಟೆ 15 ನಿಮಿಷದ್ದು. ಮೊದಲ ಒಂದು ಗಂಟೆಯಲ್ಲಿ 45 ಬಹು ಆಯ್ಕೆಯ ಪ್ರಶ್ನೆಗಳು. ಇವುಗಳಿಗೆ ಶೇಕಡಾ 45ರ ತೂಕ. ಉಳಿದ 2 ಗಂಟೆ 15 ನಿಮಿಷದಲ್ಲಿ ಮೂರು ಪ್ರಬಂಧಗಳನ್ನು ಬರೆಯಬೇಕು. ಅವುಗಳಿಗೆ ಶೇಕಡಾ 55. ಒಂದು ಪ್ರಬಂಧದಲ್ಲಿ ಕೊಟ್ಟ ಆರು ಆಕರಗಳಲ್ಲಿ ಕನಿಷ್ಠ ಮೂರನ್ನು ಬಳಸಿ ತನ್ನ ನಿಲುವನ್ನು ಕಟ್ಟಬೇಕು, ಇನ್ನೊಂದರಲ್ಲಿ ಒಬ್ಬ ಲೇಖಕ ತನ್ನ ಓದುಗನನ್ನು ಹೇಗೆ ಒಪ್ಪಿಸಲು ಹೊರಟಿದ್ದಾನೆ ಎಂದು ಬಿಡಿಸಿ ತೋರಿಸಬೇಕು, ಮೂರನೆಯದರಲ್ಲಿ ಒಂದು ಹೇಳಿಕೆಯ ಬಗ್ಗೆ ತನ್ನ ವಾದ ಮಂಡಿಸಬೇಕು. 2025ರಿಂದ ಎಲ್ಲವೂ ಕಂಪ್ಯೂಟರಿನಲ್ಲೇ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ.

ಈಗ ಮೂರು ಸಾವಿರ ಪದಗಳ ಮಾತು. ದಯವಿಟ್ಟು ಇದನ್ನು ಕೈಬಿಡಿ. ಈ ಪರೀಕ್ಷೆಯಲ್ಲಿ ಪದದ ಅರ್ಥ ಬರೆಯಿರಿ ಎಂಬ ಪ್ರಶ್ನಾವಿಭಾಗವೇ ಇಲ್ಲ. ಪ್ರತಿ ಪ್ರಬಂಧಕ್ಕೂ ಇರುವುದು 6 ಅಂಕ: ಸ್ಪಷ್ಟವಾದ ನಿಲುವಿಗೆ 1, ಆಧಾರ ಮತ್ತು ಅದರ ವಿವರಣೆಗೆ 4, ವಿಚಾರದ ಆಳಕ್ಕೆ ಅಥವಾ ಬರಹದ ಪಕ್ವತೆಗೆ 1. ವ್ಯಾಕರಣಕ್ಕೆ ಪ್ರತ್ಯೇಕ ಅಂಕವಿಲ್ಲ. ಹೇಳಿದ್ದು ಅರ್ಥವಾಗದಷ್ಟು ತಪ್ಪುಗಳಿದ್ದರೆ ಮಾತ್ರ ಆ ನಾಲ್ಕರಲ್ಲಿ ಕೊನೆಯ ಅಂಕ ಸಿಗುವುದಿಲ್ಲ. ನಮ್ಮ ಮಕ್ಕಳು ‘ದಿ’ ಮತ್ತು ‘ಎ’ ಬಳಸುವಲ್ಲಿ ಅಲ್ಲಲ್ಲಿ ಎಡವುತ್ತಾರೆ. ಅದನ್ನು ತಿದ್ದಿಕೊಳ್ಳಬೇಕು ನಿಜ, ಆದರೆ ಅದೊಂದರಿಂದ ಯಾರೂ ಈ ತರಗತಿಯಲ್ಲಿ ಹಿಂದೆ ಬೀಳುವುದಿಲ್ಲ. ಬಾಯಿಪಾಠ ಮಾಡಿದ ದೊಡ್ಡ ಪದಗಳನ್ನು ಹೊಂದದ ಜಾಗದಲ್ಲಿ ತುರುಕಿದ ಪ್ರಬಂಧವನ್ನು ಮಾತ್ರ ಅಲ್ಲಿನ ಶಿಕ್ಷಕರು ಮೊದಲ ಪುಟದಲ್ಲೇ ಗುರುತಿಸುತ್ತಾರೆ.

ಹಾಗಾದರೆ 97 ಅಂಕ ಪಡೆದ ಮಕ್ಕಳು ಅಲ್ಲಿನ ಮೊದಲ ಪ್ರಬಂಧದಲ್ಲೇ ಏಕೆ ಸೋಲುತ್ತಾರೆ? ಕಾರಣ ನಮ್ಮ ಪರೀಕ್ಷೆಗಳಲ್ಲಿದೆ. ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆಯಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಲಿಖಿತ ಪರೀಕ್ಷೆಯ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಪಾಠದೊಳಗೇ ಇರುತ್ತದೆ. ಅದನ್ನು ನೆನಪಿಟ್ಟು ಅಚ್ಚುಕಟ್ಟಾಗಿ ಬರೆದರೆ ಪೂರ್ತಿ ಅಂಕ. ಕವಿತೆಯ ಸಾರಾಂಶ ಬರೆಯಿರಿ ಎಂದರೆ ಸಾರಾಂಶ. ಕನ್ನಡದಲ್ಲಿ ಅಲಂಕಾರ ಹೆಸರಿಸಿ ಸಮನ್ವಯಗೊಳಿಸಿ ಎಂದರೆ ಉಪಮೇಯ ಇದು, ಉಪಮಾನ ಇದು, ವಾಚಕಪದ ಇದು, ಸಮಾನಧರ್ಮ ಇದು ಎಂದು ಸಾಲಾಗಿ ಬರೆದು ಮುಗಿಸುತ್ತೇವೆ. ಗಾದೆ ವಿಸ್ತರಣೆ ಬಂದರೆ ‘ಗಾದೆಗಳು ವೇದಗಳಿಗೆ ಸಮ’ ಎಂಬ ಸಾಲಿನಿಂದ ಆರಂಭ, ಗಾದೆ ಯಾವುದೇ ಇರಲಿ. ಇವೆಲ್ಲ ಶ್ರಮಪಟ್ಟು ಕಲಿತ ಕೌಶಲಗಳೇ, ಇವುಗಳನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಎಪಿ ಪ್ರಬಂಧದಲ್ಲಿ ಸಾರಾಂಶಕ್ಕೆ ಅಂಕ ತೀರ ಕಡಿಮೆ, ಅಲಂಕಾರದ ಹೆಸರಿಗಷ್ಟೇ ಅಂಕವಿಲ್ಲ, ಸಿದ್ಧ ಪೀಠಿಕೆಗಂತೂ ಏನೂ ಇಲ್ಲ.

ಒಂದು ಉದಾಹರಣೆಯಿಂದ ಇದನ್ನು ಹತ್ತಿರದಿಂದ ನೋಡೋಣ. 2019ರ ಎಪಿ ಲ್ಯಾಂಗ್ವೇಜ್ ಪರೀಕ್ಷೆಯಲ್ಲಿ ವಿಶ್ಲೇಷಣೆಗೆ ಕೊಟ್ಟದ್ದು ಉಪ್ಪಿನ ಸತ್ಯಾಗ್ರಹಕ್ಕೆ ಮುನ್ನ ಗಾಂಧೀಜಿ ವೈಸರಾಯ್ ಲಾರ್ಡ್ ಇರ್ವಿನ್‌ಗೆ ಬರೆದ ಪತ್ರದ ಒಂದು ಭಾಗ. ಆ ಪತ್ರ 1930ರ ಮಾರ್ಚ್ 2ರದು. ಪೂರ್ತಿ ಪತ್ರದಲ್ಲಿ ಒಂದು ಕಡೆ ಗಾಂಧೀಜಿ ಲೆಕ್ಕ ಹಾಕಿ ತೋರಿಸುತ್ತಾರೆ: ವೈಸರಾಯರ ಸಂಬಳ ತಿಂಗಳಿಗೆ 21,000 ರೂಪಾಯಿಗೂ ಹೆಚ್ಚು, ಅಂದರೆ ದಿನಕ್ಕೆ 700ಕ್ಕೂ ಹೆಚ್ಚು, ಭಾರತೀಯನೊಬ್ಬನ ಸರಾಸರಿ ದಿನದ ಆದಾಯ ಎರಡಾಣೆಗಿಂತ ಕಡಿಮೆ. ಇದಾದ ಮೇಲೆ, ತಮಗೆ ವ್ಯಕ್ತಿಯಾಗಿ ನಿಮ್ಮ ಮೇಲೆ ಬಹಳ ಗೌರವವಿದೆ, ಮನಸ್ಸು ನೋಯಿಸುವ ಇಚ್ಛೆಯಿಲ್ಲ, ಆ ಸಂಬಳ ಪೂರ್ತಿ ಬಹುಶಃ ದಾನಕ್ಕೇ ಹೋಗುತ್ತಿರಬಹುದು ಎನ್ನುತ್ತಾರೆ. ಆದರೆ ಇಂಥ ಏರ್ಪಾಟಿಗೆ ಅವಕಾಶ ಕೊಡುವ ವ್ಯವಸ್ಥೆಯನ್ನು ಕಿತ್ತುಹಾಕಲೇಬೇಕು ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ.

ಇದನ್ನು ಓದಿದ ಮಗು ಮೂರು ರೀತಿಯಲ್ಲಿ ಬರೆಯಬಹುದು. ವೈಸರಾಯರಿಗೆ ಹೆಚ್ಚು ಸಂಬಳ, ಜನರಿಗೆ ಕಡಿಮೆ ಆದಾಯ, ಆದ್ದರಿಂದ ಗಾಂಧೀಜಿ ವ್ಯವಸ್ಥೆಯನ್ನು ವಿರೋಧಿಸಿದರು ಎಂದು ಬರೆದರೆ ಅದು ಸಾರಾಂಶ. ಇಲ್ಲಿ ಅಂಕಿಅಂಶ, ಹೋಲಿಕೆ, ವಿನಯದ ಧಾಟಿ ಬಳಸಲಾಗಿದೆ ಎಂದು ಬರೆದರೆ ಅದು ಪಟ್ಟಿ. ನಮ್ಮಲ್ಲಿಂದ ಹೋದ ಜಾಣ ಮಕ್ಕಳು ಹೆಚ್ಚಾಗಿ ಈ ಎರಡನೆಯದರಲ್ಲೇ ನಿಂತುಬಿಡುತ್ತಾರೆ. ಶಿಕ್ಷಕರು ಕೇಳುವುದು ಮೂರನೆಯದನ್ನು: ಗೌರವದ ಮಾತು ಲೆಕ್ಕಕ್ಕಿಂತ ಮೊದಲೇ ಬರದೆ ಲೆಕ್ಕದ ನಂತರ ಏಕೆ ಬಂತು? ಲೆಕ್ಕವನ್ನಷ್ಟೇ ಹೇಳಿದ್ದರೆ ಇರ್ವಿನ್ ಅದನ್ನು ತಮ್ಮ ಮೇಲಿನ ವೈಯಕ್ತಿಕ ಟೀಕೆ ಎಂದು ತಳ್ಳಿಹಾಕಿಬಿಡಬಹುದಿತ್ತು. ನೀವು ಒಳ್ಳೆಯವರು ಎಂದು ಒಪ್ಪಿಕೊಂಡ ಕೂಡಲೇ ಆ ದಾರಿ ಮುಚ್ಚಿಹೋಗುತ್ತದೆ. ಒಳ್ಳೆಯ ಮನುಷ್ಯ ಕುಳಿತ ಕುರ್ಚಿಯೂ ಅನ್ಯಾಯದ್ದಾಗಿದ್ದರೆ ತಪ್ಪು ಕುರ್ಚಿಯದ್ದೇ ಎಂಬ ತೀರ್ಮಾನಕ್ಕೆ ಓದುಗನೇ ಬರಬೇಕಾಗುತ್ತದೆ. ಹೀಗೆ ಬರೆದ ಮಗುವಿನ ಇಂಗ್ಲಿಷ್ ಸರಳವಾಗಿದ್ದರೂ ಅಂಕ ಬರುತ್ತದೆ. ಈ ಕೆಲಸಕ್ಕೆ ಬೇಕಾದದ್ದು ನಿಧಾನದ ಓದು, ‘ಇದು ಇಲ್ಲೇ ಏಕೆ’ ಎಂದು ಕೇಳುವ ಅಭ್ಯಾಸ.

ಈ ಅಭ್ಯಾಸದ ಒಂದು ತುಣುಕು ನಿಮ್ಮ ಮಗಳಿಗೆ ಕನ್ನಡದ ಪರೀಕ್ಷೆಯಿಂದಲೇ ಗೊತ್ತಿದೆ. ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಯಲ್ಲಿ ಆಯ್ಕೆ ಮತ್ತು ಸಂದರ್ಭ ಬರೆದ ಮೇಲೆ ಕೊನೆಗೆ ಸ್ವಾರಸ್ಯವೆಂದು ಎರಡು ಸಾಲು ಬರೆಯುತ್ತಿದ್ದಳಲ್ಲ, ಎಪಿಯ ವಿಶ್ಲೇಷಣಾ ಪ್ರಬಂಧ ಆ ಎರಡು ಸಾಲನ್ನು ಎರಡು ಪುಟವಾಗಿಸಿ ಎಂದು ಕೇಳುತ್ತದೆ. ಆಯ್ಕೆ, ಸಂದರ್ಭಗಳಿಗೆ ಒಂದೆರಡು ವಾಕ್ಯ ಸಾಕು.

ತಾಳಮದ್ದಲೆಯ ವಿಷಯ ನೀವೇ ಬರೆದಿದ್ದರಿಂದ ನನಗೆ ಬಹಳ ಸಂತೋಷವಾಯಿತು. ವಾದದ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ತಯಾರಿಯನ್ನು ನಾನು ಹೇಳಲಾರೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದ್ಯ, ಅದರ ಮೇಲೆ ಅರ್ಥಧಾರಿಯ ಮಾತು, ಅಷ್ಟೇ. ಅರ್ಥಧಾರಿ ಪದ್ಯವನ್ನು ಬದಲಿಸುವಂತಿಲ್ಲ, ಪದ್ಯ ಬಿಟ್ಟು ಅಲೆಯುವಂತೆಯೂ ಇಲ್ಲ. ಸಂಧಾನಕ್ಕೆ ಬಂದ ಕೃಷ್ಣನೆದುರು ಕೌರವನ ಅರ್ಥ ಹೇಳುವವರು, ಸಭೆಗೆ ಮೊದಲೇ ಗೊತ್ತಿರುವ ಅನ್ಯಾಯದ ಪಕ್ಷವನ್ನು ಹಿಡಿದು, ಅದಕ್ಕೂ ಒಂದು ನ್ಯಾಯವಿದೆ ಎನ್ನಿಸುವಂತೆ ಮಾತು ಕಟ್ಟಬೇಕು. ಎದುರಿನವರ ಮಾತನ್ನು ಗಮನವಿಟ್ಟು ಕೇಳಿ, ಒಪ್ಪಬೇಕಾದಷ್ಟನ್ನು ಒಪ್ಪಿ, ಅವರ ಮಾತಿನಿಂದಲೇ ಮರುಮಾತು ಹೊರಡಿಸಬೇಕು. ಆಧಾರ ಬಿಡದೆ ವಾದಿಸುವುದು, ಪ್ರತಿವಾದಕ್ಕೆ ತಕ್ಕ ಗೌರವ ಕೊಟ್ಟು ಉತ್ತರಿಸುವುದು, ಇವನ್ನೇ ಎಪಿ ಶಿಕ್ಷಕರು ವರ್ಷವಿಡೀ ಕಲಿಸುತ್ತಾರೆ. ಆದ್ದರಿಂದ ಕನ್ನಡ ಓದುವುದನ್ನು ಬಿಡಬೇಕೇ ಎಂಬ ಮಗಳ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಬಿಡುವುದು ಬೇಡ. ಒಂದು ಭಾಷೆಯಲ್ಲಿ ಆಳವಾಗಿ ಓದಲು ಕಲಿತ ಮಗು ಆ ಶಕ್ತಿಯನ್ನು ಇನ್ನೊಂದು ಭಾಷೆಗೂ ಒಯ್ಯುತ್ತದೆ. ಕನ್ನಡವನ್ನು ಬಿಡಿಸಿದ್ದರಿಂದ ಇಂಗ್ಲಿಷ್ ಸುಧಾರಿಸಿದ ಒಂದು ಮಗುವನ್ನೂ ನಾನು ಕಂಡಿಲ್ಲ.

ಹಾಗೆಂದು ಕೆಲಸದ ಹೊರೆಯನ್ನು ಕಡಿಮೆ ಮಾಡಿ ಹೇಳುವುದು ಸರಿಯಲ್ಲ. ಸಾಮಾನ್ಯವಾಗಿ ಈ ತರಗತಿಯಲ್ಲಿ ಪ್ರತಿದಿನ ಮನೆಗೆ ಓದುವ ಕೆಲಸವಿರುತ್ತದೆ; ಪುಟದ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತ ಓದಬೇಕು, ಮರುದಿನ ಆ ಟಿಪ್ಪಣಿಯನ್ನೇ ನೋಡುತ್ತಾರೆ. ಆಗಾಗ ತರಗತಿಯಲ್ಲೇ 40 ನಿಮಿಷದಲ್ಲಿ ಒಂದು ಪ್ರಬಂಧ. ಬರೆದದ್ದನ್ನು ಸಹಪಾಠಿಗಳು ಓದಿ ಟೀಕಿಸುತ್ತಾರೆ, ಶಿಕ್ಷಕರ ಸೂಚನೆಯಂತೆ ಮತ್ತೆ ತಿದ್ದಿ ಬರೆಯಬೇಕು. ಆಕರಗಳನ್ನು ಉಲ್ಲೇಖಿಸಿ ಬರೆಯುವ ದೀರ್ಘ ಸಂಶೋಧನಾ ಪ್ರಬಂಧವೂ ಹಲವೆಡೆ ಇರುತ್ತದೆ. ವೃತ್ತಾಕಾರವಾಗಿ ಕುಳಿತು ನಡೆಸುವ ಚರ್ಚೆಗೆ ಕೂಡ ಅಂಕವುಂಟು. ನಮ್ಮ ಹೆಣ್ಣುಮಕ್ಕಳಿಗೆ ಕಷ್ಟವಾಗುವುದು ಇಲ್ಲಿ. ಮೇಷ್ಟ್ರ ಎದುರು ಸುಮ್ಮನಿರುವುದೇ ಮರ್ಯಾದೆ ಎಂದು ಕಲಿತವಳು ಅಲ್ಲಿ ಸುಮ್ಮನೆ ಕುಳಿತರೆ, ಓದಿಕೊಂಡು ಬಂದಿಲ್ಲವೆಂದು ತಿಳಿಯುತ್ತಾರೆ. ‘ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ಮೂರನೆಯ ಪ್ಯಾರಾದಲ್ಲಿ…’ ಎಂದು ಶಿಕ್ಷಕರಿಗೇ ಹೇಳುವುದು ಅಲ್ಲಿ ಅವಿನಯವಲ್ಲ ಎಂಬುದನ್ನು ಮಗಳಿಗೆ ಮೊದಲೇ ಮನವರಿಕೆ ಮಾಡಿಕೊಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗೈಡ್ ನೋಡಿ ಬರೆಯುವುದು, ಗೆಳತಿಯ ನೋಟ್ಸ್ ಇಳಿಸಿಕೊಳ್ಳುವುದು ಇಲ್ಲಿ ದೊಡ್ಡ ಅಪರಾಧವೆನಿಸಿಲ್ಲ. ಅಲ್ಲಿ ಬೇರೊಬ್ಬರ ಎರಡು ವಾಕ್ಯವನ್ನು ಹೆಸರು ಹೇಳದೆ ಬಳಸಿದರೂ ಕೃತಿಚೌರ್ಯ. ಸೊನ್ನೆ ಅಂಕ ಬರಬಹುದು, ಶಾಲೆಯ ಶಿಸ್ತಿನ ದಾಖಲೆಗೂ ಸೇರಬಹುದು. ಎಐನಿಂದ ಬರೆಸಿದ್ದನ್ನು ತನ್ನದೆಂದು ಕೊಡುವುದಕ್ಕೂ ಇದೇ ಗತಿ. ಬೇಸಿಗೆಯ ಪುಸ್ತಕದ ಟಿಪ್ಪಣಿಯಿಂದಲೇ ಈ ಎಚ್ಚರ ಇರಲಿ.

ಈಗ ಆಯ್ಕೆಗಳು. ನೇರವಾಗಿ 11ರಲ್ಲೇ ಎಪಿ ಲ್ಯಾಂಗ್ವೇಜ್ ಸೇರುವುದು ಮೊದಲನೆಯದು. ಓದಿನ ಹಸಿವಿರುವ ಮಗುವಿಗೆ ಇದರಿಂದ ಸಿಗುವ ಬರವಣಿಗೆಯ ತರಬೇತಿ ಮುಂದೆ ಯಾವ ವಿಷಯ ಓದಿದರೂ ಉಪಯೋಗಕ್ಕೆ ಬರುತ್ತದೆ. ಅಪಾಯವೆಂದರೆ ಮೊದಲ ಕೆಲವು ತಿಂಗಳ ಅಂಕ. ಹೊಸ ದೇಶ, ಹೊಸ ಉಚ್ಚಾರಣೆ, ಸ್ನೇಹಿತರಿಲ್ಲದ ಊಟದ ಬಿಡುವು, ಇವೆಲ್ಲದರ ನಡುವೆ ಮೊದಲ ಪ್ರಬಂಧಕ್ಕೆ 6ಕ್ಕೆ 2 ಬಂದರೆ, 97 ಪಡೆದ ಹುಡುಗಿ ಕುಗ್ಗಿಹೋಗುತ್ತಾಳೆ. ತರಗತಿಯ ಶ್ರೇಣಿ ಮೇ ಪರೀಕ್ಷೆಯ ಶ್ರೇಣಿಯಿಂದ ಬೇರೆ. ಕಾಲೇಜಿಗೆ ಹೋಗುವ ಅಂಕಪಟ್ಟಿಯಲ್ಲಿ ತರಗತಿಯ ಶ್ರೇಣಿಯೇ ಕಾಣುತ್ತದೆ. ಜೊತೆಗೆ ಎಪಿ ಅಮೆರಿಕನ್ ಇತಿಹಾಸವನ್ನೂ ಅದೇ ವರ್ಷ ತೆಗೆದುಕೊಳ್ಳಲು ಯಾರಾದರೂ ಹೇಳಿದರೆ ಬೇಡವೆನ್ನಿ. ಅದೂ ವಿಪರೀತ ಓದು, ಬರಹದ ವಿಷಯ. ಮೊದಲ ವರ್ಷದಲ್ಲಿ ಎರಡನ್ನೂ ಹೊರಿಸುವುದು ಸರಿಯಲ್ಲ.

11ರಲ್ಲಿ ಸಾಮಾನ್ಯ ತರಗತಿ ಅಥವಾ, ಆ ಶಾಲೆಯಲ್ಲಿದ್ದರೆ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಆನರ್ಸ್ ತರಗತಿ ಓದಿ, 12ರಲ್ಲಿ ಎಪಿ ತೆಗೆದುಕೊಳ್ಳುವುದು ಎರಡನೆಯ ದಾರಿ. ಊರಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಆದರೆ 12ನೇ ತರಗತಿಯ ಎಪಿ ಪರೀಕ್ಷೆಯ ಫಲಿತಾಂಶ ಕಾಲೇಜಿನ ಅರ್ಜಿ ಹಾಕಿ ಮುಗಿದ ಮೇಲೆ ಬರುತ್ತದೆ, ಕೆಲವು ಶಾಲೆಗಳ ಸಾಮಾನ್ಯ ತರಗತಿ ನಿಮ್ಮ ಮಗಳಂಥ ಓದುವ ಹುಡುಗಿಗೆ ಬೇಸರವನ್ನೂ ತಂದೀತು. ಕಾದಂಬರಿಯ ಹುಚ್ಚಿರುವವಳಿಗೆ 12ರಲ್ಲಿ ಲಿಟರೇಚರ್ ಹೆಚ್ಚು ಒಗ್ಗಬಹುದು ಎಂಬುದೂ ನಿಜ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಹೈಸ್ಕೂಲಿನ ಜೊತೆಗೇ ಇಂಗ್ಲಿಷ್ ಓದುವ ಮೂರನೆಯ ವ್ಯವಸ್ಥೆಯೂ ಹಲವು ಕಡೆ ಇದೆ. ಅದನ್ನು ಈ ವರ್ಷ ಯೋಚಿಸುವುದು ಬೇಡ.

ಎಪಿ ಇಲ್ಲದಿದ್ದರೆ ಒಳ್ಳೆಯ ಕಾಲೇಜಿಲ್ಲ ಎಂಬ ಮಾತು ಅರ್ಧ ಸತ್ಯ. ಹೆಚ್ಚು ಸ್ಪರ್ಧೆಯಿರುವ ಕಾಲೇಜುಗಳು, ವಿದ್ಯಾರ್ಥಿ ತನ್ನ ಶಾಲೆಯಲ್ಲಿ ಸಿಗುವ ಕಠಿಣ ವಿಷಯಗಳಲ್ಲಿ ಎಷ್ಟನ್ನು ಆರಿಸಿಕೊಂಡಿದ್ದಾನೆ ಎಂದು ನೋಡುವುದು ನಿಜ. ಆದರೆ 11ಕ್ಕೆ ಬೇರೆ ದೇಶದಿಂದ ಬಂದವಳೆಂಬ ಹಿನ್ನೆಲೆಯೂ ಅರ್ಜಿಯಲ್ಲಿರುತ್ತದೆ; ಯಾವುದೋ ಒಂದು ಎಪಿ ಇಲ್ಲವೆಂದು ಬಾಗಿಲು ಮುಚ್ಚಿಹೋಗುವುದಿಲ್ಲ. ಪರೀಕ್ಷೆಯಲ್ಲಿ 3 ಬಂದರೆ ಕಾಲೇಜಿನ ಕ್ರೆಡಿಟ್, ಅಂದರೆ ಆ ವಿಷಯವನ್ನು ಕಾಲೇಜಿನಲ್ಲೇ ಓದಿದಂತೆ ಲೆಕ್ಕ, ಸಿಗುತ್ತದೆ ಎಂಬುದು ಕೂಡ ಎಲ್ಲೆಡೆ ಒಂದೇ ರೀತಿಯಿಲ್ಲ. ಕೆಲವು ಕಾಲೇಜುಗಳು 4 ಅಥವಾ 5 ಕೇಳುತ್ತವೆ, ಕೆಲವು ಕೊಡುವುದೇ ಇಲ್ಲ.

ನಿಮ್ಮ ಪತ್ರದಿಂದ ಮಗಳನ್ನು ತಿಳಿದಷ್ಟರಲ್ಲಿ ನನ್ನ ಒಲವು ಮೊದಲನೆಯ ದಾರಿಯ ಕಡೆಗಿದೆ, ಒಂದು ಪರೀಕ್ಷೆಯೊಂದಿಗೆ. ಬೇಸಿಗೆಯ ಪುಸ್ತಕವನ್ನು ಈಗಲೇ ತರಿಸಿ. ಮಗಳು ಮೊದಲ ಇಪ್ಪತ್ತು ಪುಟ ಓದಲಿ. ಪ್ರತಿ ಪುಟಕ್ಕೂ ನಾಲ್ಕೈದು ಪದ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಲೇಖಕ ಏನು ವಾದಿಸುತ್ತಿದ್ದಾನೆ, ಅದನ್ನು ಅವಳು ಎಲ್ಲಿ ಒಪ್ಪುವುದಿಲ್ಲ ಎಂದು ಮೊದಲು ಕನ್ನಡದಲ್ಲಿ ನಿಮಗೆ ಹೇಳಲಿ, ಆಮೇಲೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಲಿ. ಕನ್ನಡದಲ್ಲೂ ಹೇಳಲಾಗದಿದ್ದರೆ ಎರಡನೆಯ ದಾರಿ ಹಿಡಿಯಿರಿ. ಕನ್ನಡದಲ್ಲಿ ಹೇಳಿ ಇಂಗ್ಲಿಷಿನಲ್ಲಿ ತಡವರಿಸಿದರೆ ಅದು ಕೆಲವು ತಿಂಗಳಲ್ಲಿ ಸರಿಹೋಗುವ ಕೊರತೆ.

ಹೊರಡುವ ಮೊದಲು ಆಕರಗಳನ್ನು ಬಳಸಿ ಬರೆಯುವ ಅಭ್ಯಾಸಕ್ಕೆ ಪರದೇಶದ ವಿಷಯವೇ ಬೇಕಿಲ್ಲ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಉದ್ದೇಶಿಸಿರುವ 2000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೇ ತೆಗೆದುಕೊಳ್ಳಿ. ವಿದ್ಯುತ್ ನಿಗಮದ ಸಮರ್ಥನೆ, ಸಿಂಗಳೀಕದ ಅಭಯಾರಣ್ಯದ ಬಗ್ಗೆ ಪರಿಸರಾಸಕ್ತರ ಆಕ್ಷೇಪ, ಹಳೆಯ ಲಿಂಗನಮಕ್ಕಿ ಮುಳುಗಡೆಯ ಸಂತ್ರಸ್ತರ ಒಂದು ಸಂದರ್ಶನ, ಒಂದು ನಕ್ಷೆ, ವಿದ್ಯುತ್ ಬೇಡಿಕೆಯ ಒಂದು ಕೋಷ್ಟಕ, ಒಂದು ಸಂಪಾದಕೀಯ. ಇವಿಷ್ಟನ್ನು ಮೇಜಿನ ಮೇಲೆ ಹರಡಿಕೊಂಡು, ಮೂರನ್ನಾದರೂ ಉಲ್ಲೇಖಿಸಿ, ತನ್ನ ನಿಲುವನ್ನು ಇಂಗ್ಲಿಷಿನಲ್ಲಿ 40 ನಿಮಿಷದಲ್ಲಿ ಟೈಪ್ ಮಾಡಲಿ. ಪರೀಕ್ಷೆ ಕಂಪ್ಯೂಟರಿನಲ್ಲಿ ಆಗುವುದರಿಂದ ಟೈಪಿಂಗ್ ಕಲಿಕೆ ಪದಗಳ ಬಾಯಿಪಾಠಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಾಗದಪತ್ರದ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. 9 ಮತ್ತು 10ನೇ ತರಗತಿಯ ಅಂಕಪಟ್ಟಿಗಳಿಗೆ ಶಾಲೆಯ ಮೊಹರು, ಸಹಿ ಹಾಕಿಸಿ ಒಯ್ಯಿರಿ. ಅಲ್ಲಿ ಹೈಸ್ಕೂಲ್ ಲೆಕ್ಕ 9ರಿಂದಲೇ ಆರಂಭ. ದಾಖಲಾತಿಯ ವೇಳೆ ಮನೆಮಾತು ಯಾವುದೆಂದು ಒಂದು ಸಮೀಕ್ಷೆ ತುಂಬಿಸುತ್ತಾರೆ. ಕನ್ನಡ ಎಂದು ಬರೆದರೆ ಮಗಳಿಗೆ ಇಂಗ್ಲಿಷ್ ಮಟ್ಟದ ಒಂದು ಪರೀಕ್ಷೆ ಕೊಡಬಹುದು. ಇದಕ್ಕೆ ಅಂಜಿ ಸುಳ್ಳು ಬರೆಯಬೇಡಿ. ನಿಮ್ಮ ಮಗಳ ಮಟ್ಟದವರಿಗೆ ಆ ಪರೀಕ್ಷೆ ತೊಡಕಾಗುವ ಸಂಭವ ಕಡಿಮೆ, ಒಂದು ವೇಳೆ ನೆರವು ಬೇಕೆಂದು ಬಂದರೆ ಅದು ಅವಳಿಗೆ ಸಿಗಬೇಕಾದ ಹಕ್ಕು.

ಕೌನ್ಸೆಲರ್‌ಗೆ ಈ ವಾರವೇ ಮರುಪತ್ರ ಬರೆಯಿರಿ. ತರಗತಿ ಆರಂಭವಾದ ಮೇಲೆ ಎಪಿಯಿಂದ ಸಾಮಾನ್ಯ ತರಗತಿಗೆ ಬದಲಾಯಿಸಿಕೊಳ್ಳಲು ಎಷ್ಟು ದಿನ ಅವಕಾಶವಿದೆ, ಹಾಗೆ ಬದಲಿಸಿದರೆ ಅಂಕಪಟ್ಟಿಯಲ್ಲಿ ಅದು ದಾಖಲಾಗುತ್ತದೆಯೇ, ಕಡಿಮೆ ಅಂಕ ಬಂದ ಪ್ರಬಂಧವನ್ನು ತಿದ್ದಿ ಕೊಡಲು ಆ ಶಿಕ್ಷಕರು ಬಿಡುತ್ತಾರೆಯೇ, ಈ ಮೂರನ್ನು ಕೇಳಿ. ಮೂರನೆಯದಕ್ಕೆ ಹೌದೆಂದು ಉತ್ತರ ಬಂದರೆ ಮೊದಲ ತಿಂಗಳುಗಳ ಅಪಾಯ ಅರ್ಧಕ್ಕರ್ಧ ಇಳಿಯುತ್ತದೆ. ಮೇ ಪರೀಕ್ಷೆಗೆ ಹೆಸರು ಕೊಡುವುದು ಸಾಮಾನ್ಯವಾಗಿ ನವೆಂಬರಿನಲ್ಲಿ, ಶುಲ್ಕ ಸುಮಾರು 100 ಡಾಲರ್. ಅಷ್ಟರಲ್ಲಿ ಮಗಳು ನಾಲ್ಕಾರು ಪ್ರಬಂಧಗಳನ್ನಾದರೂ ಬರೆದಿರುತ್ತಾಳೆ. ಪರೀಕ್ಷೆಗೆ ಕೂರಬೇಕೇ ಎಂಬುದನ್ನು ಆ ಪ್ರಬಂಧಗಳ ಮೇಲೆ ಶಿಕ್ಷಕರು ಬರೆದ ಟಿಪ್ಪಣಿಗಳನ್ನು ಓದಿ ಆಗ ತೀರ್ಮಾನಿಸಬಹುದು.